ಗೃಹಯಂತ್ರ ವಿಚಾರ: ಮನೆಯ ಸರ್ವರಿಗೆ ಹೊಸ ಆವೃತ್ತಿಯು ಈಗಲೆ, ಮುಂದೆಯೆ?

ಮನೆಯಲ್ಲಿ ಯಾವುದಾದರೊಂದು ಯಂತ್ರವು ತೊಂದರೆಯಿಲ್ಲದೆ ನಡೆಯುತ್ತಿರುವಾಗ ಅದರ ಗೊಡವೆಗೆ ಹೋಗಬಾರದೆಂಬುದು ಹಿರಿಯರಲ್ಲಿ ಬಹುಮಂದಿಯ ಮತ. ಹೊಸದು ಬಂದಿರುವಾಗ ಹಳೆಯದನ್ನೇ ಹಿಡಿದುಕೊಂಡಿರುವುದು ಜಡತನವೆಂಬುದು ಕಿರಿಯರ ಮತ. ರುಬ್ಬುವ ಯಂತ್ರ, ನೀರೆತ್ತುವ ಪಂಪು ಮುಂತಾದುವುಗಳ ವಿಷಯದಲ್ಲಿ ಇವೆರಡರಲ್ಲಿ ಯಾವ ಮತವನ್ನು ಹಿಡಿದರೂ ಅಂಥ ಕೇಡೇನೂ ಇಲ್ಲ. ಕೆಟ್ಟರೆ ಸರಿಮಾಡಿಸಬಹುದು, ಸರಿಹೋಗದಿದ್ದರೆ ಬೇರೊಂದನ್ನು ಕೊಳ್ಳಬಹುದು. ಆದರೆ ಈಚೆಗೆ ಅನೇಕ ಮನೆಗಳ ಮೂಲೆಯಲ್ಲಿ ಹಗಲಿರುಳೂ ನಡೆಯುತ್ತಿರುವ ಮತ್ತೊಂದು ಯಂತ್ರವುಂಟು. ಅದು ಮನೆಯ ಸರ್ವರ್. ಹಳೆಯ ಕಂಪ್ಯೂಟರೊಂದನ್ನೋ, ಅಂಗೈಯಗಲದ ರಾಸ್ಪ್‌ಬೆರಿ ಪೈಯನ್ನೋ ಒಂದೆರಡು ಹಾರ್ಡ್ ಡಿಸ್ಕುಗಳೊಡನೆ ರೂಟರಿನ ಪಕ್ಕದಲ್ಲಿ ಇಟ್ಟಿರುತ್ತಾರೆ. ಮಗಳ ಮದುವೆಯ ಚಿತ್ರಗಳು, ತೀರಿಹೋದ ಅಜ್ಜಿಯ ದನಿಯಲ್ಲಿ ಉಳಿದಿರುವ ಹಾಡುಗಳು, ಜಮೀನಿನ ಪತ್ರಗಳ ಪ್ರತಿಗಳು, ಮಕ್ಕಳ ಅಂಕಪಟ್ಟಿಗಳು ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಯಂತ್ರವು ಕೆಟ್ಟರೆ ಅಂಗಡಿಯಲ್ಲಿ ದೊರೆಯುತ್ತದೆ. ಅದರೊಳಗಿನ ಈ ವಸ್ತುಗಳು ಯಾವ ಅಂಗಡಿಯಲ್ಲಿಯೂ ದೊರೆಯುವುವಲ್ಲ.

ಆದುದರಿಂದ ಈ ಯಂತ್ರದ ಆಪರೇಟಿಂಗ್ ಸಿಸ್ಟಮನ್ನು ಹೊಸ ಆವೃತ್ತಿಗೆ ಬದಲಾಯಿಸಬೇಕೋ ಬೇಡವೋ ಎಂಬುದನ್ನು ಹಳೆಯದರ ಮೇಲಿನ ಮಮತೆಯಿಂದಾಗಲಿ ಹೊಸದರ ಮೇಲಿನ ಆಸೆಯಿಂದಾಗಲಿ ತೀರ್ಮಾನಿಸುವುದು ಯುಕ್ತವಲ್ಲ. ತೀರ್ಮಾನಕ್ಕೆ ಆಧಾರವಾಗಬೇಕಾದ ಪ್ರಶ್ನೆಗಳು ಎರಡೇ. ಈಗಿರುವ ಆವೃತ್ತಿಗೆ ರಕ್ಷಣೆಯ ಅವಧಿಯು ಎಂದಿನವರೆಗೆ ಇದೆ? ಬದಲಾವಣೆಯು ಕೈಕೊಟ್ಟರೆ ಮೊದಲಿನ ಸ್ಥಿತಿಗೆ ಹಿಂದಿರುಗುವ ದಾರಿಯು ನಮ್ಮಲ್ಲಿ ಇದೆಯೆ? ಈ ಎರಡಕ್ಕೂ ಉತ್ತರವನ್ನು ಕಂಡುಕೊಂಡವನಿಗೆ ಉಳಿದ ವಿಷಯವು ಕಷ್ಟವಲ್ಲ.

ಈ ತಿಂಗಳು ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ೧೯೯೩ನೆಯ ಇಸವಿಯ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬವರು ಇದನ್ನು ಆರಂಭಿಸಿದರು. ತಮ್ಮ ಹೆಸರನ್ನೂ ಡೆಬ್ರಾ ಎಂಬ ತಮ್ಮ ಪ್ರಿಯತಮೆಯ ಹೆಸರನ್ನೂ ಕೂಡಿಸಿ ಅದಕ್ಕೆ ಈ ಹೆಸರನ್ನಿಟ್ಟರು. ಜಗತ್ತಿನ ನಾನಾ ಕಡೆಗಳಲ್ಲಿರುವ ಸ್ವಯಂಸೇವಕರು ಅಂದಿನಿಂದಲೂ ಇದನ್ನು ನಡೆಸಿಕೊಂಡು ಬಂದಿದ್ದಾರೆ. ಹಣ ಕೊಡದೆ ಯಾರು ಬೇಕಾದರೂ ಪಡೆಯಬಹುದು. ಉಬುಂಟು ಮತ್ತು ರಾಸ್ಪ್‌ಬೆರಿ ಪೈಯ ಸ್ವಂತ ಆಪರೇಟಿಂಗ್ ಸಿಸ್ಟಂ ಇವೆರಡೂ ಇದರಿಂದಲೇ ಹುಟ್ಟಿದುವು. ಆದುದರಿಂದ ಇಲ್ಲಿ ಹೇಳುವ ಮಾತಿನ ಬಹುಭಾಗವು ಅವುಗಳನ್ನು ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ.

ಎರಡು ಬಗೆಯ ಬದಲಾವಣೆ

ಮೊಟ್ಟಮೊದಲು ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. ಅಪ್‌ಡೇಟ್ ಎಂಬುದನ್ನೂ ಅಪ್‌ಗ್ರೇಡ್ ಎಂಬುದನ್ನೂ ಅನೇಕರು ಒಂದೇ ಎಂದು ಎಣಿಸುತ್ತಾರೆ, ಅವು ಒಂದಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ ಒಡೆದ ಹೆಂಚುಗಳನ್ನು ತೆಗೆದು ಬೇರೆ ಹೆಂಚು ಹೊದಿಸುವುದು ಒಂದು ಕೆಲಸ. ಮಾಡನ್ನೇ ಇಳಿಸಿ ತಾರಸಿಯನ್ನು ಹಾಕಿಸುವುದು ಇನ್ನೊಂದು ಕೆಲಸ. ಮೊದಲನೆಯದು ಅಪ್‌ಡೇಟ್, ಎರಡನೆಯದು ಅಪ್‌ಗ್ರೇಡ್.

ಡೆಬಿಯನ್ನಿನ ಒಂದು ಸ್ಥಿರ ಆವೃತ್ತಿಯು ಹೊರಬಿದ್ದಮೇಲೆ ಅದರೊಳಗಿನ ತಂತ್ರಾಂಶಗಳ ಸಂಖ್ಯೆಯು ಸಾಮಾನ್ಯವಾಗಿ ಬದಲಾಗುವುದಿಲ್ಲ. ಮುಂದೆ ಯಾವುದಾದರೊಂದು ತಂತ್ರಾಂಶದಲ್ಲಿ ದೋಷವು ಕಂಡುಬಂದರೆ, ಆ ದೋಷಕ್ಕೆ ಬೇಕಾದ ತಿದ್ದುಪಡಿಯನ್ನು ಮಾತ್ರ ಹಳೆಯ ಸಂಖ್ಯೆಯ ತಂತ್ರಾಂಶದೊಳಗೇ ಸೇರಿಸಿ ಕಳುಹಿಸುತ್ತಾರೆ. ಆದುದರಿಂದ ‘ನಮ್ಮಲ್ಲಿರುವುದರ ಸಂಖ್ಯೆ ಹಳೆಯದು, ಆದಕಾರಣ ನಮಗೆ ಅಪಾಯ’ ಎಂದು ಹೆದರಬೇಕಾದುದಿಲ್ಲ. ಸಂಖ್ಯೆ ಹಳೆಯದಾದರೂ ತಿದ್ದುಪಡಿ ಹೊಸದಾಗಿರಬಹುದು. ಈ ಬಗೆಯ ಅಪ್‌ಡೇಟುಗಳನ್ನು ತಡೆಯಿಲ್ಲದೆ ತೆಗೆದುಕೊಳ್ಳುತ್ತಿರಬೇಕು. ಇದರಲ್ಲಿ ಎರಡನೆಯ ಆಲೋಚನೆಗೆ ಎಡೆಯಿಲ್ಲ. ನಾವು ಇಲ್ಲಿ ಚರ್ಚಿಸುತ್ತಿರುವುದು ಮಾಡನ್ನೇ ಬದಲಾಯಿಸುವ ಎರಡನೆಯ ಕೆಲಸವನ್ನು ಕುರಿತು.

ಅವಧಿಯ ಲೆಕ್ಕ

ಡೆಬಿಯನ್ನಿನಲ್ಲಿ ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಸ್ಥಿರ ಆವೃತ್ತಿಯು ಬರುತ್ತದೆ. ಪ್ರತಿಯೊಂದಕ್ಕೂ ಮಕ್ಕಳ ಚಲಚ್ಚಿತ್ರವಾದ ಟಾಯ್ ಸ್ಟೋರಿಯ ಪಾತ್ರಗಳಿಂದ ಒಂದು ಹೆಸರನ್ನಿಡುವುದು ಪದ್ಧತಿ. ಒಂದು ಆವೃತ್ತಿಗೆ ಮೊದಲ ಮೂರು ವರ್ಷಗಳ ಕಾಲ ಪೂರ್ಣ ರಕ್ಷಣೆ. ಅನಂತರ ಎರಡು ವರ್ಷಗಳ ಕಾಲ ದೀರ್ಘಾವಧಿ ರಕ್ಷಣೆ. ಈ ಎರಡನೆಯದನ್ನು ನಡೆಸುವವರು ಬೇರೊಂದು ತಂಡದವರು. ಅದು ಎಲ್ಲ ಬಗೆಯ ಯಂತ್ರಗಳಿಗೂ ದೊರೆಯದೆ ಮುಖ್ಯವಾದ ಕೆಲವಕ್ಕೆ ಮಾತ್ರ ದೊರೆಯುತ್ತದೆ.

ಈಗ ತಾರೀಖುಗಳನ್ನು ನೋಡೋಣ. ಡೆಬಿಯನ್ ೧೦ ಬಂದುದು ೨೦೧೯ನೆಯ ಇಸವಿಯ ಜುಲೈಯಲ್ಲಿ. ಅದರ ದೀರ್ಘಾವಧಿ ರಕ್ಷಣೆಯೂ ೨೦೨೪ನೆಯ ಇಸವಿ ಜೂನ್ ೩೦ರಂದು ಮುಗಿಯಿತು. ಡೆಬಿಯನ್ ೧೧ ಬಂದುದು ೨೦೨೧ನೆಯ ಇಸವಿ ಆಗಸ್ಟ್ ೧೪ರಂದು. ಅದರ ದೀರ್ಘಾವಧಿಯ ಕೊನೆ ೨೦೨೬ನೆಯ ಇಸವಿ ಆಗಸ್ಟ್ ೩೧. ಬುಕ್‌ವರ್ಮ್ ಎಂಬ ಡೆಬಿಯನ್ ೧೨ ಬಂದುದು ೨೦೨೩ನೆಯ ಇಸವಿ ಜೂನ್ ೧೦ರಂದು. ಅದರ ಪೂರ್ಣ ರಕ್ಷಣೆ ೨೦೨೬ನೆಯ ಇಸವಿ ಜೂನ್ ೧೦ರವರೆಗೆ, ದೀರ್ಘಾವಧಿ ರಕ್ಷಣೆ ೨೦೨೮ನೆಯ ಇಸವಿ ಜೂನ್ ೩೦ರವರೆಗೆ. ಟ್ರಿಕ್ಸಿ ಎಂಬ ಡೆಬಿಯನ್ ೧೩ ಬಂದುದು ೨೦೨೫ನೆಯ ಇಸವಿ ಆಗಸ್ಟ್ ೯ರಂದು. ಅದರ ಪೂರ್ಣ ರಕ್ಷಣೆ ೨೦೨೮ನೆಯ ಇಸವಿಯ ಆಗಸ್ಟಿನವರೆಗೆ, ದೀರ್ಘಾವಧಿ ೨೦೩೦ನೆಯ ಇಸವಿಯ ಜೂನ್ ಕೊನೆಯವರೆಗೆ.

ಈ ಲೆಕ್ಕದಿಂದ ತಿಳಿಯುವುದೇನೆಂದರೆ, ೧೦ನೆಯ ಆವೃತ್ತಿಯನ್ನು ಇಂದಿಗೂ ಇಟ್ಟುಕೊಂಡಿರುವವನು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ. ೧೧ನೆಯದನ್ನು ಇಟ್ಟುಕೊಂಡವನು ತಡಮಾಡದೆ ಏಳಬೇಕು. ಅವನು ೧೧ರಿಂದ ೧೩ಕ್ಕೆ ನೇರವಾಗಿ ಹಾರುವಂತಿಲ್ಲ; ಮೊದಲು ೧೨ಕ್ಕೆ ಹೋಗಿ, ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಕಂಡುಕೊಂಡು, ಆಮೇಲೆ ೧೩ಕ್ಕೆ ಹೋಗಬೇಕು. ನಡುವಣ ಮೆಟ್ಟಿಲನ್ನು ಬಿಟ್ಟು ಹತ್ತುವುದನ್ನು ಡೆಬಿಯನ್ನಿನವರು ಒಪ್ಪುವುದಿಲ್ಲ. ೧೨ನೆಯದನ್ನು ಇಟ್ಟುಕೊಂಡ ಗೃಹಸ್ಥನಿಗೆ ಮಾತ್ರ ಆಲೋಚಿಸಿ ಮಾಡಲು ವ್ಯವಧಾನವುಂಟು. ಆದರೆ ವ್ಯವಧಾನವಿದೆಯೆಂಬುದು ಮರೆತುಬಿಡುವುದಕ್ಕೆ ಅಪ್ಪಣೆಯಲ್ಲ. ತನ್ನ ಯಂತ್ರದ ರಕ್ಷಣೆಯು ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ವಿಮೆಯ ಕಂತಿನ ತಾರೀಖಿನಂತೆಯೇ ಗುರುತುಮಾಡಿಕೊಂಡು, ಅದಕ್ಕೆ ಆರು ತಿಂಗಳು ಮುಂಚೆಯೇ ಕೆಲಸವನ್ನು ಮುಗಿಸುವುದು ವಿವೇಕ.

ಹಳೆಯದರ ಅಪಾಯ, ಹೊಸದರ ಅಪಾಯ

ಹಳೆಯದರಲ್ಲಿಯೇ ಕುಳಿತಿದ್ದರೆ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ೨೦೧೭ನೆಯ ಇಸವಿ ಮಾರ್ಚ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನ ಒಂದು ದೋಷಕ್ಕೆ ತಿದ್ದುಪಡಿಯನ್ನು ಪ್ರಕಟಿಸಿತು. ಅದನ್ನು ಹಾಕಿಕೊಳ್ಳದೆ ಬಿಟ್ಟವರು ಬಹುಮಂದಿ. ಎರಡು ತಿಂಗಳಾಗುವಷ್ಟರಲ್ಲಿ, ಮೇ ೧೨ರಂದು, ವಾನಾಕ್ರೈ ಎಂಬ ಪಿಡುಗು ಅದೇ ದೋಷದ ಮೂಲಕ ನುಗ್ಗಿ, ಕಡತಗಳಿಗೆಲ್ಲ ಬೀಗ ಹಾಕಿ ಬಿಡುಗಡೆಗೆ ಹಣ ಕೇಳಿತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಯಂತ್ರಗಳು ಅದಕ್ಕೆ ತುತ್ತಾದುವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು.

ಎರಡನೆಯ ನಿದರ್ಶನವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯವರ ಮೈ ಬುಕ್ ಲೈವ್ ಎಂಬುದು ಮನೆಯಲ್ಲಿ ಚಿತ್ರಗಳನ್ನೂ ಕಡತಗಳನ್ನೂ ಕೂಡಿಡುವುದಕ್ಕೆಂದೇ ಮಾಡಿದ ಪೆಟ್ಟಿಗೆ. ಅದರ ತಂತ್ರಾಂಶಕ್ಕೆ ಕೊನೆಯ ಅಪ್‌ಡೇಟ್ ಬಂದುದು ೨೦೧೫ನೆಯ ಇಸವಿಯಲ್ಲಿ. ಪೆಟ್ಟಿಗೆಯೇನೋ ಚೆನ್ನಾಗಿ ನಡೆಯುತ್ತಲೇ ಇತ್ತು. ಆದಕಾರಣ ಅದನ್ನು ಬದಲಾಯಿಸಬೇಕೆಂದು ಎಷ್ಟೋ ಜನರಿಗೆ ತೋರಲಿಲ್ಲ. ೨೦೨೧ನೆಯ ಇಸವಿಯ ಜೂನ್ ಕೊನೆಯ ವಾರದಲ್ಲಿ ದುಷ್ಟರು ಇಂಟರ್ನೆಟ್ಟಿನ ಮೂಲಕ ಆ ಪೆಟ್ಟಿಗೆಗಳೊಳಕ್ಕೆ ನುಗ್ಗಿ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಅವನ್ನು ಮರಳಿಸಿಬಿಟ್ಟರು. ಅನೇಕರು ಬೆಳಗ್ಗೆ ಎದ್ದು ನೋಡುವಲ್ಲಿ ವರ್ಷಗಟ್ಟಲೆ ಕೂಡಿಟ್ಟುದೆಲ್ಲವೂ ಅಳಿಸಿಹೋಗಿತ್ತು. ಪೆಟ್ಟಿಗೆಯ ಸಂಪರ್ಕವನ್ನು ಇಂಟರ್ನೆಟ್ಟಿನಿಂದ ಕಿತ್ತುಹಾಕಿರೆಂದು ಸಂಸ್ಥೆಯವರು ಸಾರಿದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು.

ಹಾಗೆಂದ ಮಾತ್ರಕ್ಕೆ ಹೊಸದೆಲ್ಲವೂ ಕ್ಷೇಮಕರವೆಂದು ತಿಳಿಯಬಾರದು. ೨೦೧೪ನೆಯ ಇಸವಿಯ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಘೋರವಾದ ದೋಷವು ಬೆಳಕಿಗೆ ಬಂದಾಗ, ಅದಕ್ಕೆ ಸಿಕ್ಕಿದುದು ೨೦೧೩ರಲ್ಲಿ ಬಂದಿದ್ದ ಡೆಬಿಯನ್ ೭; ೨೦೧೧ರ ಡೆಬಿಯನ್ ೬ ಪಾರಾಯಿತು. ಹಳೆಯದರಲ್ಲಿದ್ದ ಓಪನ್ ಎಸ್ಎಸ್ಎಲ್ ಎಂಬ ತಂತ್ರಾಂಶದಲ್ಲಿ ಆ ದೋಷವು ಇನ್ನೂ ಹುಟ್ಟಿರಲೇ ಇಲ್ಲ. ೨೦೨೪ನೆಯ ಇಸವಿ ಮಾರ್ಚ್ ೨೯ರಂದು ಆಂಡ್ರೆಸ್ ಫ್ರೊಯಿಂಡ್ ಎಂಬವರು, ತಮ್ಮ ಯಂತ್ರದೊಳಕ್ಕೆ ಪ್ರವೇಶಿಸುವುದಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ತಗಲುತ್ತಿರುವುದೇಕೆಂದು ಹುಡುಕಹೋಗಿ, ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲೊಂದನ್ನು ಪ್ರಕಟಪಡಿಸಿದರು. ಆಗಲೂ ಅಪಾಯಕ್ಕೆ ಸಿಕ್ಕಿದುದು ಡೆಬಿಯನ್ನಿನ ಹೊಚ್ಚಹೊಸ ಪರೀಕ್ಷಾ ಆವೃತ್ತಿಗಳೇ ಹೊರತು ಸ್ಥಿರವಾದ ೧೨ ಅಲ್ಲ.

ಸ್ಥಿರವೆಂಬುದರಲ್ಲಿಯೂ ಎಚ್ಚರವು ಬೇಕು. ೨೦೨೩ನೆಯ ಇಸವಿಯ ಡಿಸೆಂಬರಿನಲ್ಲಿ ಡೆಬಿಯನ್ ೧೨.೩ ಹೊರಡುವ ಹೊತ್ತಿಗೆ, ಅದರ ಕರ್ನಲ್ಲಿನಲ್ಲಿ ಹಾರ್ಡ್ ಡಿಸ್ಕಿನ ಕಡತಗಳನ್ನೇ ಕೆಡಿಸಬಲ್ಲ ದೋಷವಿದೆಯೆಂದು ಗೊತ್ತಾಯಿತು. ಅದನ್ನು ತಡೆದು, ಸರಿಪಡಿಸಿದ ೧೨.೪ನ್ನು ಡಿಸೆಂಬರ್ ೧೦ರಂದು ಹೊರಡಿಸಿದರು. ಉಬುಂಟುವಿನವರ ನಡೆಯನ್ನೂ ಇಲ್ಲಿ ನೆನೆಯಬಹುದು. ೨೪.೦೪ ಎಂಬ ಅವರ ಆವೃತ್ತಿಯು ೨೦೨೪ನೆಯ ಇಸವಿಯ ಏಪ್ರಿಲಿನಲ್ಲಿಯೇ ಬಂದರೂ, ಹಿಂದಿನ ದೀರ್ಘಾವಧಿ ಆವೃತ್ತಿಯವರಿಗೆ ಅದನ್ನು ತಾವಾಗಿ ಮುಂದೊಡ್ಡಿದುದು ಆಗಸ್ಟಿನ ಕೊನೆಯಲ್ಲಿ ೨೪.೦೪.೧ ಬಂದಮೇಲೆಯೇ. ಮಾಡಿದವರೇ ನಾಲ್ಕು ತಿಂಗಳು ಕಾಯುವಲ್ಲಿ ಗೃಹಸ್ಥನು ಮೊದಲ ದಿನವೇ ಓಡಬೇಕಾದ ಅಗತ್ಯವೇನು? ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ.

ಈ ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮವು ತಾನಾಗಿಯೇ ಹೊರಡುತ್ತದೆ. ಕೇಡು ತಟ್ಟಿದುದು ಹಳೆಯದನ್ನು ಇಟ್ಟುಕೊಂಡವರೆಲ್ಲರಿಗೂ ಅಲ್ಲ. ತಿದ್ದುಪಡಿಯು ಬಾರದ, ಅಥವಾ ಬಂದರೂ ಹಾಕಿಕೊಳ್ಳದ ಯಂತ್ರಗಳನ್ನು ಇಟ್ಟುಕೊಂಡವರಿಗೆ. ತಿದ್ದುಪಡಿಯು ಬರುತ್ತಿರುವವರೆಗೆ ಹಳೆಯದರಲ್ಲಿ ಇರುವುದು ತಪ್ಪಲ್ಲ. ಅದು ನಿಂತ ಮರುದಿನ ಅದರಲ್ಲಿ ಇರುವುದು ಸರಿಯಲ್ಲ.

ಮೊದಲು ಪರೀಕ್ಷಿಸಬೇಕಾದುವು

೧೨ರಿಂದ ೧೩ಕ್ಕೆ ಹೋಗಬೇಕೆಂದು ನಿಶ್ಚಯಿಸಿದವರು ಡೆಬಿಯನ್ನಿನವರೇ ಪ್ರಕಟಿಸಿರುವ ಬಿಡುಗಡೆಯ ಟಿಪ್ಪಣಿಯನ್ನು ಆದ್ಯಂತವಾಗಿ ಓದತಕ್ಕದ್ದು. ಕೊಡಬೇಕಾದ ಆಜ್ಞೆಗಳೆಲ್ಲವೂ ಅನುಕ್ರಮವಾಗಿ ಅದರಲ್ಲಿವೆ. ಮನೆಯ ಸರ್ವರಿಗೆ ವಿಶೇಷವಾಗಿ ಸಂಬಂಧಪಟ್ಟ ಕೆಲವನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

ಒಂದನೆಯದು, ಯಂತ್ರದ ಜಾತಿ. ೩೨ ಬಿಟ್ಟಿನ ಹಳೆಯ ಪಿಸಿಗಳಿಗೆ ೧೩ರಲ್ಲಿ ಕರ್ನಲ್ಲೂ ಇಲ್ಲ, ಸ್ಥಾಪನೆಯ ಸಾಧನವೂ ಇಲ್ಲ. ಅಂಥ ಯಂತ್ರದಲ್ಲಿ ಈ ಬದಲಾವಣೆಗೆ ಕೈಹಾಕಲೇಬಾರದು. ಪ್ರೊಸೆಸರು ೬೪ ಬಿಟ್ಟಿನದಾಗಿದ್ದು, ಹಾಕಿರುವ ಆಪರೇಟಿಂಗ್ ಸಿಸ್ಟಂ ಮಾತ್ರ ೩೨ ಬಿಟ್ಟಿನದಾಗಿದ್ದರೆ ೬೪ ಬಿಟ್ಟಿನದನ್ನು ಹೊಸದಾಗಿ ಹಾಕಿಕೊಳ್ಳಬಹುದು. ಪ್ರೊಸೆಸರೇ ೩೨ ಬಿಟ್ಟಿನದಾದರೆ ಆ ಯಂತ್ರಕ್ಕೆ ವಿಶ್ರಾಂತಿಯನ್ನು ಕೊಡುವ ಕಾಲವು ಬಂದಿತೆಂದು ತಿಳಿಯಬೇಕು.

ಎರಡನೆಯದು, ಜಾಲದ ಸಂಪರ್ಕ. ಬದಲಾವಣೆಯ ಬಳಿಕ ಯಂತ್ರದೊಳಗಿನ ಜಾಲದ ಕಾರ್ಡಿನ ಹೆಸರು ಬೇರೆಯಾಗುವ ಸಂಭವವುಂಟು. ಹೆಸರು ಬದಲಾದರೆ ಹಿಂದೆ ಬರೆದಿಟ್ಟ ಏರ್ಪಾಡು ಹಿಡಿಯುವುದಿಲ್ಲ. ಯಂತ್ರವು ನಡೆಯುತ್ತಿದ್ದರೂ ಮನೆಯ ಜಾಲದಲ್ಲಿ ಕಾಣದೆಹೋಗುತ್ತದೆ. ಮನೆಯ ಸರ್ವರಿಗೆ ಸಾಮಾನ್ಯವಾಗಿ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಹೀಗಿರಲು ಆ ದಿನದ ಮಟ್ಟಿಗಾದರೂ ಒಂದು ಪರದೆಯನ್ನೂ ಕೀಲಿಮಣೆಯನ್ನೂ ಹೊಂದಿಸಿಟ್ಟುಕೊಂಡೇ ಕೆಲಸವನ್ನು ಆರಂಭಿಸಬೇಕು. ದೂರದ ಊರಿನಲ್ಲಿ ತಂದೆತಾಯಿಗಳ ಮನೆಯಲ್ಲಿಟ್ಟ ಸರ್ವರನ್ನು ಇಲ್ಲಿ ಕುಳಿತು ಬದಲಾಯಿಸುವ ಸಾಹಸವನ್ನು ಬಿಟ್ಟು, ಊರಿಗೆ ಹೋದಾಗ ಮಾಡುವುದು ಲೇಸು.

ಮೂರನೆಯದು, ತಾತ್ಕಾಲಿಕ ಕಡತಗಳ ಸ್ಥಾನ. ಇದುವರೆಗೆ ಡಿಸ್ಕಿನ ಮೇಲಿರುತ್ತಿದ್ದ ತಾತ್ಕಾಲಿಕ ಕಡತಗಳು ೧೩ರಲ್ಲಿ ಮೊದಲ ಏರ್ಪಾಡಿನಂತೆ ಯಂತ್ರದ ಮೆಮರಿಯಲ್ಲಿಯೇ ಇರುತ್ತವೆ. ಮೆಮರಿಯ ಅರ್ಧದವರೆಗೂ ಅವು ಆಕ್ರಮಿಸಬಹುದು. ಒಂದೋ ಎರಡೋ ಜಿಬಿ ಮೆಮರಿಯ ಸಣ್ಣ ಯಂತ್ರದಲ್ಲಿ ದೊಡ್ಡ ಚಲಚ್ಚಿತ್ರಗಳ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಬೇಡವೆಂದರೆ ಹಳೆಯ ಏರ್ಪಾಡನ್ನೇ ಇಟ್ಟುಕೊಳ್ಳುವುದಕ್ಕೂ ಅವಕಾಶವಿದೆ.

ನಾಲ್ಕನೆಯದು, ಮೇಲೆ ನಡೆಯುವ ತಂತ್ರಾಂಶಗಳು. ಆಪರೇಟಿಂಗ್ ಸಿಸ್ಟಂ ಎಂಬುದು ಅಡಿಪಾಯ. ಮನೆಯವರು ಬಳಸುವುದು ಅದರ ಮೇಲಿನ ಕೋಣೆಗಳನ್ನು. ೧೨ರಲ್ಲಿ ಪಿಎಚ್‌ಪಿ ೮.೨ ಇದ್ದುದು ೧೩ರಲ್ಲಿ ೮.೪ ಆಗುತ್ತದೆ, ಪೋಸ್ಟ್‌ಗ್ರೆಸ್ ೧೫ ಇದ್ದುದು ೧೭ ಆಗುತ್ತದೆ, ಮರಿಯಾಡಿಬಿ ೧೦.೧೧ ಇದ್ದುದು ೧೧.೮ ಆಗುತ್ತದೆ. ಚಿತ್ರಗಳಿಗೂ ಕಡತಗಳಿಗೂ ಬಹುಜನರು ಬಳಸುವ ನೆಕ್ಸ್ಟ್‌ಕ್ಲೌಡನ್ನು ತೆಗೆದುಕೊಳ್ಳಿರಿ. ಅದರ ೩೦ನೆಯ ಆವೃತ್ತಿಯು ಪಿಎಚ್‌ಪಿ ೮.೩ಕ್ಕಿಂತ ಮೇಲಿನದರಲ್ಲಿ ನಡೆಯುವುದಿಲ್ಲ, ೮.೪ರೊಡನೆ ನಡೆಯುವುದು ೩೧ನೆಯದರಿಂದ. ಇದನ್ನು ತಿಳಿಯದೆ ಅಡಿಪಾಯವನ್ನು ಮೊದಲು ಬದಲಾಯಿಸಿದವನ ಮನೆಯಲ್ಲಿ ಮರುದಿನ ಚಿತ್ರಗಳೇ ತೆರೆಯುವುದಿಲ್ಲ. ಕ್ರಮವೇನೆಂದರೆ, ಮೊದಲು ನೆಕ್ಸ್ಟ್‌ಕ್ಲೌಡನ್ನು ಒಂದೊಂದೇ ಆವೃತ್ತಿಯಾಗಿ ೩೧ಕ್ಕೆ ಏರಿಸಿ, ಆಮೇಲೆ ಡೆಬಿಯನ್ನನ್ನು ಮುಟ್ಟುವುದು. ಮರಿಯಾಡಿಬಿಯನ್ನು ಬಳಸುವವರು ಬದಲಾವಣೆಗೆ ಮುಂಚೆ ಅದನ್ನು ಕ್ರಮವಾಗಿ ನಿಲ್ಲಿಸಿರಬೇಕು. ಪೋಸ್ಟ್‌ಗ್ರೆಸ್ಸಿನಲ್ಲಿರುವ ದತ್ತಾಂಶವು ತಾನಾಗಿ ಹೊಸದಕ್ಕೆ ಹೋಗುವುದಿಲ್ಲ; ಅದನ್ನು ಬೇರೆಯಾಗಿ ಸಾಗಿಸಬೇಕು. ಡೆಬಿಯನ್ನಿನ ಭಂಡಾರದಿಂದಲ್ಲದೆ ಬೇರೆಡೆಯಿಂದ ತಂದು ಹಾಕಿದ ತಂತ್ರಾಂಶಗಳಿದ್ದರೆ, ಅವನ್ನು ಮಾಡಿದವರು ೧೩ಕ್ಕೆ ಸಿದ್ಧಪಡಿಸಿದ್ದಾರೆಯೆ ಎಂದು ಒಂದೊಂದಾಗಿ ವಿಚಾರಿಸಬೇಕು. ಇವೆಲ್ಲವನ್ನೂ ಒಂದು ಕಾಗದದಲ್ಲಿ ಪಟ್ಟಿಮಾಡಿ ಎದುರಿಗೆ ಗುರುತುಹಾಕುತ್ತ ಹೋದರೆ ಒಂದು ಸಂಜೆಯ ಕೆಲಸ.

ಹಿಂದಿರುಗುವ ದಾರಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇವೆ. ಡೆಬಿಯನ್ನಿನಲ್ಲಿ ೧೨ರಿಂದ ೧೩ಕ್ಕೆ ಹೋಗುವ ದಾರಿಯುಂಟು. ೧೩ರಿಂದ ೧೨ಕ್ಕೆ ಇಳಿಯುವ ದಾರಿಯಿಲ್ಲ. ಅರ್ಧದಲ್ಲಿ ಕೆಟ್ಟಿತೆಂದರೆ ಹಿಂದಿರುಗುವುದು ಬ್ಯಾಕಪ್ ಒಂದರಿಂದಲೇ. ಆದುದರಿಂದ ಬ್ಯಾಕಪ್ ಇಲ್ಲದ ಮನೆಯಲ್ಲಿ ಈ ಪ್ರಶ್ನೆಯೇ ಏಳತಕ್ಕದ್ದಲ್ಲ. ಅಂಥ ಮನೆಯಲ್ಲಿ ಮೊದಲು ಆಗಬೇಕಾದುದು ಅಪ್‌ಗ್ರೇಡ್ ಅಲ್ಲ, ಬ್ಯಾಕಪ್. ಅಪ್‌ಗ್ರೇಡ್ ಮಾಡದಿದ್ದರೂ ಡಿಸ್ಕು ಒಂದು ದಿನ ಸಾಯುತ್ತದೆ. ಸಾಯದ ಡಿಸ್ಕು ಇಲ್ಲ.

ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳನ್ನು ಜೋಡಿಸಿ ಒಂದರಲ್ಲಿರುವುದು ಇನ್ನೊಂದರಲ್ಲಿಯೂ ಇರುವಂತೆ ಮಾಡಿದ್ದೇವೆ, ಅದೇ ನಮ್ಮ ಬ್ಯಾಕಪ್ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಅದು ಒಂದು ಡಿಸ್ಕು ಕೆಟ್ಟಾಗ ಉಪಯೋಗಕ್ಕೆ ಬರುವುದೇ ಹೊರತು ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿದುಹೋಗುತ್ತದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ತಿಳಿದವರು ಹೇಳುವ ನಿಯಮ ಮೂರು, ಎರಡು, ಒಂದು ಎಂಬುದು. ಪ್ರತಿಗಳು ಮೂರು ಇರಬೇಕು; ಅವು ಎರಡು ಬಗೆಯ ಸಾಧನಗಳಲ್ಲಿರಬೇಕು; ಒಂದು ಪ್ರತಿಯು ಮನೆಯಿಂದ ಹೊರಗಿರಬೇಕು. ಮನೆಯ ಹೊರಗಿನ ಪ್ರತಿಯನ್ನು ತಂಗಿಯ ಮನೆಯ ಬೀರುವಿನಲ್ಲಿಟ್ಟರೂ ಸಾಕು.

ಪ್ರತಿ ಮಾಡಿದರೆ ಮುಗಿಯಲಿಲ್ಲ. ಅದರಿಂದ ಕಡತಗಳನ್ನು ಹಿಂದಕ್ಕೆ ತೆಗೆದು ನೋಡಿದ ಹೊರತು ಅದನ್ನು ನಂಬತಕ್ಕದ್ದಲ್ಲ. ಬ್ಯಾಕಪ್ಪಿನ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಬೇರೆ ಬೇರೆ ವರ್ಷಗಳ ಹತ್ತು ಚಿತ್ರಗಳನ್ನೂ, ಒಂದೆರಡು ಹಾಡುಗಳನ್ನೂ, ಪತ್ರಗಳ ಪ್ರತಿಗಳನ್ನೂ ತೆರೆದು ನೋಡಿರಿ. ಎಲ್ಲವೂ ತೆರೆದರೆ ಮುಂದುವರಿಯಿರಿ. ಒಂದಾದರೂ ತೆರೆಯದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣವನ್ನು ಹುಡುಕಿರಿ. ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕಿನದೂ ಒಂದು ಪೂರ್ಣ ಪ್ರತಿಯನ್ನು ಮಾಡಿಟ್ಟುಕೊಂಡರೆ, ಕೆಲಸ ಕೆಟ್ಟಾಗ ಒಂದೆರಡು ಗಂಟೆಗಳಲ್ಲಿ ನಿನ್ನೆಯ ಸ್ಥಿತಿಗೆ ಬರಬಹುದು. ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ಇದು ಇನ್ನೂ ಸುಲಭ. ಹೊಸ ಆವೃತ್ತಿಯನ್ನು ಬೇರೊಂದು ಕಾರ್ಡಿನಲ್ಲಿ ಹೊಸದಾಗಿ ಹಾಕಿಕೊಳ್ಳಿರೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಹಳೆಯ ಕಾರ್ಡನ್ನು ತೆಗೆದು ಜೋಪಾನವಾಗಿಟ್ಟರೆ ಅದೇ ಹಿಂದಿರುಗುವ ದಾರಿ.

ಕುಟುಂಬದ ಕಡತಗಳಿರುವ ಡಿಸ್ಕು ಬೇರೆಯಾಗಿದ್ದರೆ, ಬದಲಾವಣೆಯು ಮುಗಿಯುವವರೆಗೆ ಅದರ ಸಂಪರ್ಕವನ್ನೇ ತೆಗೆದಿಡುವುದು ಕ್ಷೇಮ. ಆದರೆ ಅದಿಲ್ಲದೆ ಯಂತ್ರವು ಏಳುವಂತೆ ಏರ್ಪಾಡಿದೆಯೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ದಿನವನ್ನು ಗೊತ್ತುಮಾಡುವುದು

ಮುಹೂರ್ತವನ್ನು ನೋಡಬೇಕೆಂದು ನಾವು ಹೇಳುವುದಿಲ್ಲ. ಆದರೆ ದಿನವನ್ನು ಆಲೋಚಿಸಿ ಗೊತ್ತುಮಾಡಬೇಕು. ಹಬ್ಬದ ಹಿಂದಿನ ದಿನ, ಮಗನ ಆನ್‌ಲೈನ್ ಪರೀಕ್ಷೆಯ ವಾರ, ನಾಳೆ ಪ್ರಯಾಣವೆನ್ನುವ ರಾತ್ರಿ ಇವು ತಕ್ಕ ಸಮಯಗಳಲ್ಲ. ಮರುದಿನವೂ ಬಿಡುವಿರುವ ಒಂದು ಬೆಳಗ್ಗೆ ಆರಂಭಿಸುವುದು ಒಳ್ಳೆಯದು. ಹೊಸ ತಂತ್ರಾಂಶಗಳನ್ನು ಡಿಸ್ಕಿನ ಮೇಲೆ ಬಿಚ್ಚಿಡುತ್ತಿರುವಾಗ ಕರೆಂಟು ಹೋದರೆ ಯಂತ್ರವು ಅತ್ತ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲ ಎಂಬಂತಾಗುತ್ತದೆ. ಆದುದರಿಂದ ಸರ್ವರಿಗೂ ರೂಟರಿಗೂ ಯುಪಿಎಸ್ ಇರಲೇಬೇಕು. ಮಳೆಗಾಲದಲ್ಲಿ ಗುಡುಗು ಸಿಡಿಲಿರುವ ದಿನ ಬೇಡ. ಬೇರೊಂದು ಕಂಪ್ಯೂಟರಿನಿಂದ ಕೆಲಸ ಮಾಡುವವರು, ನಡುವೆ ಸಂಪರ್ಕವು ಕಡಿದರೂ ಆಜ್ಞೆಯು ನಿಲ್ಲದಂತೆ ಸ್ಕ್ರೀನ್ ಎಂಬ ಸಾಧನದೊಳಗೆ ಅದನ್ನು ನಡೆಸಬೇಕು.

ಮನೆಯವರಿಗೆ ಮುಂಚಿತವಾಗಿ ತಿಳಿಸುವುದೂ ಅವಶ್ಯ. ‘ಭಾನುವಾರ ಮಧ್ಯಾಹ್ನದವರೆಗೆ ಚಿತ್ರಗಳೂ ಸಿನಿಮಾಗಳೂ ಸಿಕ್ಕುವುದಿಲ್ಲ’ ಎಂಬ ಒಂದು ಮಾತು ಎಷ್ಟೋ ಬೇಸರವನ್ನು ತಪ್ಪಿಸುತ್ತದೆ. ಇದಕ್ಕಿಂತಲೂ ದೊಡ್ಡ ಮಾತೊಂದಿದೆ. ಬಹುಮನೆಗಳಲ್ಲಿ ಸರ್ವರಿನ ವಿಷಯವನ್ನು ತಿಳಿದವನು ಒಬ್ಬನೇ. ಅವನು ಕಾಯಿಲೆ ಬಿದ್ದರೆ, ದೂರ ಹೋದರೆ, ಅಥವಾ ಇಲ್ಲವಾದರೆ, ಹೆಂಡತಿ ಮಕ್ಕಳು ತಮ್ಮದೇ ಚಿತ್ರಗಳ ಮುಂದೆ ಬೀಗದ ಕೈಯಿಲ್ಲದೆ ನಿಲ್ಲಬೇಕಾಗುತ್ತದೆ. ಯಾವ ಆವೃತ್ತಿಯಿದೆ, ರಕ್ಷಣೆಯು ಎಂದು ಮುಗಿಯುತ್ತದೆ, ಬ್ಯಾಕಪ್ಪಿನ ಡಿಸ್ಕುಗಳು ಎಲ್ಲಿವೆ, ಪಾಸ್‌ವರ್ಡುಗಳು ಯಾವುವು, ಕಡತಗಳನ್ನು ಹೇಗೆ ತೆಗೆಯುವುದು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬಿಡಿಸಿ ಬರೆದು, ಮನೆಯ ಪತ್ರಗಳೊಡನೆ ಇಡತಕ್ಕದ್ದು. ಬ್ಯಾಕಪ್ಪಿನಿಂದ ಕಡತ ತೆಗೆಯುವ ಪರೀಕ್ಷೆಯನ್ನು ಗೃಹಿಣಿಯಿಂದಲೋ ದೊಡ್ಡ ಮಕ್ಕಳಿಂದಲೋ ಆ ಪುಸ್ತಕವನ್ನು ನೋಡಿಕೊಂಡೇ ಮಾಡಿಸಿದರೆ, ಬರಹದಲ್ಲಿ ಬಿಟ್ಟುಹೋದುದೇನೆಂಬುದು ಅಂದೇ ಗೊತ್ತಾಗುತ್ತದೆ.

ಯಾರು ತಡೆಯಬಹುದು, ಯಾರು ತಡೆಯಬಾರದು

ಈಗಿನ ಆವೃತ್ತಿಗೆ ರಕ್ಷಣೆಯ ಅವಧಿಯು ಇನ್ನೂ ಒಂದು ವರ್ಷಕ್ಕೆ ಮೀರಿ ಇದ್ದು, ಹೊಸದರಲ್ಲಿ ತನಗೆ ಬೇಕಾದುದೇನೂ ಇಲ್ಲದವನು ನಿಶ್ಚಿಂತೆಯಿಂದ ತಡೆಯಬಹುದು. ಯಂತ್ರವನ್ನೇ ಕೆಲವು ತಿಂಗಳಲ್ಲಿ ಬದಲಾಯಿಸಲಿರುವವನು ಹಳೆಯದನ್ನು ಹಾಗೆಯೇ ಬಿಟ್ಟು, ಹೊಸ ಯಂತ್ರದಲ್ಲಿ ಹೊಸ ಆವೃತ್ತಿಯನ್ನು ಹಾಕಿ, ಕಡತಗಳನ್ನು ಸಾಗಿಸಿಕೊಳ್ಳುವುದು ಮೇಲು. ಬ್ಯಾಕಪ್ ಇಲ್ಲದವನು ಅದು ಆಗುವವರೆಗೆ ತಡೆಯಲೇಬೇಕು.

ತಡೆಯಬಾರದವನು ಯಾರೆಂದರೆ, ಹೊರಗಿನಿಂದ ಇಂಟರ್ನೆಟ್ಟಿನ ಮೂಲಕ ತನ್ನ ಸರ್ವರನ್ನು ತಲುಪುವಂತೆ ರೂಟರಿನಲ್ಲಿ ಬಾಗಿಲನ್ನು ತೆರೆದಿಟ್ಟಿದ್ದು, ರಕ್ಷಣೆಯು ಮುಗಿದ ಅಥವಾ ಮುಗಿಯುತ್ತಿರುವ ಆವೃತ್ತಿಯನ್ನು ನಡೆಸುತ್ತಿರುವವನು. ಇಂಥವನಿಗೆ ಈ ವಾರವೇ ಬದಲಾವಣೆಯನ್ನು ಮಾಡಲು ಅನುಕೂಲವಿಲ್ಲದಿದ್ದರೆ ಇಂದೇ ಮಾಡಬಹುದಾದುದೊಂದುಂಟು: ರೂಟರಿನಲ್ಲಿ ಆ ಬಾಗಿಲನ್ನು ಮುಚ್ಚಿ, ಸರ್ವರನ್ನು ಮನೆಯೊಳಗಿನ ಬಳಕೆಗೆ ಮಾತ್ರ ಇಟ್ಟುಕೊಳ್ಳುವುದು. ಇದರಿಂದ ಅಪಾಯವು ಪೂರ್ತಿಯಾಗಿ ಹೋಗದಿದ್ದರೂ ಬಹುಮಟ್ಟಿಗೆ ಕಡಮೆಯಾಗಿ, ಬ್ಯಾಕಪ್ಪನ್ನೂ ಬದಲಾವಣೆಯನ್ನೂ ಸಾವಧಾನವಾಗಿ ಮಾಡಿಕೊಳ್ಳಲು ಕಾಲವು ದೊರೆಯುತ್ತದೆ.

ನಮ್ಮ ಓದುಗರು ತಮ್ಮ ಮನೆಯ ಯಂತ್ರದಲ್ಲಿರುವ ಆವೃತ್ತಿಯ ಸಂಖ್ಯೆಯನ್ನು ಈ ದಿನವೇ ನೋಡಿ, ಅದರ ಎದುರಿಗೆ ರಕ್ಷಣೆಯ ಕೊನೆಯ ತಾರೀಖನ್ನು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಬ್ಯಾಕಪ್ಪಿಗಾಗಿ ಎಂಥ ಡಿಸ್ಕುಗಳನ್ನು ಕೊಳ್ಳಬೇಕು, ಅವನ್ನು ಎಷ್ಟು ದಿನಗಳಿಗೊಮ್ಮೆ ಪರೀಕ್ಷಿಸಬೇಕು, ತೇವದಿಂದಲೂ ಇರುವೆಗಳಿಂದಲೂ ಹೇಗೆ ಕಾಪಾಡಬೇಕು ಎಂಬ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸಲಾಗುವುದು.